ಸಾಕಿದವನ ಹೊಣೆ: ಆತಕೂರಿನ ಕಾಳಿಯಿಂದ 1960ರ ಕಾಯಿದೆಯವರೆಗೆ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲೊಂದು ಶಾಸನಾಭ್ಯಾಸಿಗಳಿಗೆ ಸುಪರಿಚಿತವಾದದ್ದು. ಇತಿಹಾಸಕಾರರು ಅದನ್ನು ಮುಖ್ಯವಾಗಿ ತಕ್ಕೋಲದ ಯುದ್ಧಕ್ಕಾಗಿ ಓದುತ್ತಾರೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಚೋಳರ ಮೇಲೆ ನಡೆಸಿದ ಆ ಕಾಳಗದಲ್ಲಿ ಚೋಳ ರಾಜಾದಿತ್ಯನು ಮಡಿದದ್ದು, ಗಂಗ ಇಮ್ಮಡಿ ಬೂತುಗನು ಆ ವಿಜಯದ ನಾಯಕನಾದದ್ದು ಎಲ್ಲವೂ ಅಲ್ಲಿ ಬರುತ್ತದೆ. ಆದರೆ ಕಲ್ಲನ್ನು ನಿಲ್ಲಿಸಿದ್ದು ಅರಸನಿಗಾಗಿ ಅಲ್ಲ, ನಾಯಿಗಾಗಿ. ಬೂತುಗನ ಸೇವಕ ಮಣಲೇರನು ಯುದ್ಧದಲ್ಲಿ ತೋರಿದ ಪರಾಕ್ರಮಕ್ಕೆ ಒಡೆಯನು ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಅರಸನ ಬೇಟೆನಾಯಿ ಕಾಳಿಯನ್ನು. ಮುಂದೆ ಬೆಳತೂರಿನ ಪಡುವಣ ಬೆಟ್ಟದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಅದನ್ನು ಬಿಡಲಾಯಿತು. ನಾಯಿಯೂ ಹಂದಿಯೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರದ ಮುಂದೆ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿ ದತ್ತಿಯಾಯಿತು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂಬ ಶಾಪವಾಕ್ಯವೂ ಸೇರಿತು.

ಸಾಕುಪ್ರಾಣಿಯ ಮೇಲಿನ ಮನುಷ್ಯನ ಪ್ರೀತಿಗೆ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಕನ್ನಡ ನಾಡಿನಲ್ಲಿ ಸಿಗುವುದು ಕಷ್ಟ. ನಾಯಿಗೆ ಹೆಸರಿದೆ, ಶಿಲ್ಪವಿದೆ, ಹೊಲವಿದೆ, ನಿತ್ಯಪೂಜೆಯಿದೆ. ಆದರೂ ಶಾಸನವನ್ನು ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಉಳಿಯುತ್ತದೆ. ಕಾಳಿ ಸತ್ತದ್ದು ಯಾರ ವಿನೋದಕ್ಕಾಗಿ? ಹಂದಿಯ ಮೇಲೆ ಅದನ್ನು ಬಿಟ್ಟವನು ಅದನ್ನು ಅತ್ಯಂತ ಪ್ರೀತಿಸುತ್ತಿದ್ದವನೇ. ಪ್ರೀತಿ ಒಂದು, ಹೊಣೆ ಇನ್ನೊಂದು. ಪ್ರಾಣಿಗಳ ಬಗೆಗಿನ ನಮ್ಮ ಚಿಂತನೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಪ್ರೀತಿಯ ಉದಾಹರಣೆಗಳನ್ನು ಒಟ್ಟುಗೂಡಿಸುತ್ತಾರೆ. ಈ ಲೇಖನದಲ್ಲಿ ಹೊಣೆಯ ಇತಿಹಾಸವನ್ನು ಹಿಡಿದು ನಡೆಯಲು ಯತ್ನಿಸುತ್ತೇನೆ. ಅದರ ಆರಂಭ ಅರಮನೆಯಲ್ಲಿಲ್ಲ, ಶ್ರಾವಕನ ಕೊಟ್ಟಿಗೆಯಲ್ಲಿದೆ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಗೃಹಸ್ಥನ ವ್ರತಗಳನ್ನೂ ಪ್ರತಿಯೊಂದು ವ್ರತಕ್ಕೆ ತಗಲಬಹುದಾದ ಐದೈದು ಅತಿಚಾರಗಳನ್ನೂ ಹೇಳುತ್ತದೆ. ಅಹಿಂಸಾಣುವ್ರತದ ಅತಿಚಾರಗಳು ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವೂ ಸ್ವಲ್ಪ ಮಾತು ಬದಲಿಸಿ ಇವನ್ನೇ ಹೇಳುತ್ತದೆ. ಸ್ವಾಧ್ಯಾಯದಲ್ಲಿ ನಾವು ಈ ಐದನ್ನು ಎಷ್ಟೋ ಸಲ ಬಾಯಿಪಾಠ ಒಪ್ಪಿಸಿದ್ದೇವೆ. ಆದರೆ ಇವು ಯಾರನ್ನು ಕುರಿತ ಮಾತು ಎಂಬುದನ್ನು ನಿಂತು ನೋಡುವವರು ಕಡಮೆ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಹೆಚ್ಚು ಹೊರಿಸುವುದು, ಮೇವು ನೀರು ತಡೆಯುವುದು: ಇವು ಕಾಡಿನ ಮೃಗಕ್ಕೆ ಮಾಡಲಾಗುವ ಹಿಂಸೆಗಳಲ್ಲ. ನಮ್ಮ ಗೂಟದಲ್ಲಿ, ನಮ್ಮ ನೊಗದ ಕೆಳಗೆ, ನಮ್ಮ ಗೋದಲಿಯ ಮುಂದೆ ಇರುವ ಜೀವಕ್ಕೆ ಮಾತ್ರ ಇವನ್ನು ಮಾಡಲು ಸಾಧ್ಯ. ಆಳುಕಾಳುಗಳಿಗೂ ಇವು ಅನ್ವಯಿಸುತ್ತವೆ, ನಿಜ. ಆದರೂ ಐದನ್ನೂ ಒಟ್ಟಿಗಿಟ್ಟು ಓದಿದರೆ ಕಣ್ಣಮುಂದೆ ನಿಲ್ಲುವುದು ಎತ್ತು, ಹಸು, ಕುದುರೆ, ಕತ್ತೆ. ಬೇಟೆಯನ್ನೂ ಯಜ್ಞಪಶುವನ್ನೂ ಇಲ್ಲಿ ಹೆಸರಿಸಿಲ್ಲ. ಅವುಗಳನ್ನು ವ್ರತವೇ ಆಗಲೆ ನಿಷೇಧಿಸಿಬಿಟ್ಟಿದೆ.

ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ಇನ್ನಷ್ಟು ತಿಳಿಯಾಗಿಸುತ್ತಾರೆ. ಗಂಗ ದುರ್ವಿನೀತನ ಗುರುವೆಂದು ಪರಂಪರೆ ಗೌರವಿಸುವ ಈ ಆಚಾರ್ಯರು ಬಂಧವನ್ನು ವಿವರಿಸುವ ರೀತಿಯನ್ನು ಗಮನಿಸಬೇಕು. ಹಗ್ಗ, ಸರಪಳಿಗಳ ಮಾತಿಗೆ ಹೋಗದೆ, ಜೀವವೊಂದು ತನಗಿಷ್ಟವಾದ ಎಡೆಗೆ ಹೋಗುವುದನ್ನು ತಡೆಯುವುದೇ ಬಂಧವೆಂದು ಅವರು ಹೇಳುತ್ತಾರೆ. ವಧವೆಂದರೆ ಇಲ್ಲಿ ಕೊಲ್ಲುವುದಲ್ಲ, ಕೋಲು ಚಾವಟಿ ಬೆತ್ತಗಳಿಂದ ಹೊಡೆಯುವುದು. ಛೇದವೆಂದರೆ ಕಿವಿ ಮೂಗು ಮೊದಲಾದ ಅಂಗಗಳನ್ನು ಕತ್ತರಿಸುವುದು. ನ್ಯಾಯವಾದ ಹೊರೆಗಿಂತ ಮಿಗಿಲಾಗಿ ಹೊರಿಸುವುದು ನಾಲ್ಕನೆಯದು. ಹಸು ಮೊದಲಾದವು ಹಸಿವು ಬಾಯಾರಿಕೆಗಳಿಂದ ಬಾಧೆಪಡುವಂತೆ ಮಾಡುವುದು ಐದನೆಯದು. ‘ನ್ಯಾಯವಾದ ಹೊರೆ’ ಎಂಬ ಒಂದು ಕಲ್ಪನೆ ಇಲ್ಲಿ ಬಂದುಬಿಟ್ಟಿದೆ. ಎತ್ತಿಗೂ ಮನುಷ್ಯನಿಗೂ ನಡುವೆ ಒಂದು ನ್ಯಾಯವಿದೆಯೆಂದು ಒಪ್ಪದೆ ಆ ಮಾತನ್ನು ಆಡಲಾಗದು.

ನಂತರದ ಶ್ರಾವಕಾಚಾರಕಾರರು ಒಂದು ಸೂಕ್ಷ್ಮವಾದ ಆಕ್ಷೇಪಕ್ಕೆ ಉತ್ತರ ಹೇಳಬೇಕಾಯಿತು. ಶ್ರಾವಕನು ಕೊಲ್ಲುವುದಿಲ್ಲವೆಂದು ಮಾತ್ರ ವ್ರತ ತೊಟ್ಟಿದ್ದಾನೆ. ಎತ್ತಿಗೆ ನಾಲ್ಕೇಟು ಹೊಡೆದರೆ ವ್ರತ ಹೇಗೆ ಕೆಡುತ್ತದೆ? ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಕೊಡುವ ಸಮಾಧಾನದ ಸಾರ ಇಷ್ಟು: ಹೊರಗಿನಿಂದ ವ್ರತ ಉಳಿದಿದೆ, ಒಳಗಿನಿಂದ ಮುರಿದಿದೆ. ಪ್ರಾಣಿ ಸತ್ತಿಲ್ಲವಾದ್ದರಿಂದ ಮಾತು ಉಳಿಯಿತು. ಸಿಟ್ಟಿನಿಂದ ದಯೆ ಹೋದದ್ದರಿಂದ ಭಾವ ಹೋಯಿತು. ಆ ಅರ್ಧಭಂಗವೇ ಅತಿಚಾರ. ನಾನು ಮಾಂಸ ಮುಟ್ಟುವುದಿಲ್ಲ, ಆದ್ದರಿಂದ ಅಹಿಂಸಾವ್ರತಿ ಎಂದು ನೆಮ್ಮದಿಯಾಗಿರುವ ನಮ್ಮ ಕಾಲದ ಶ್ರಾವಕರಿಗೆ ಈ ಚರ್ಚೆ ಹಿತವಾಗಲಾರದು. ಅದು ಹಿತವಾಗಲೆಂದು ಬರೆದದ್ದೂ ಅಲ್ಲ.

ಇಂಥ ಗ್ರಂಥಗಳ ಟೀಕೆಗಳಲ್ಲಿ ಬರುವ ವ್ಯಾವಹಾರಿಕ ಸೂಚನೆಗಳು ನನಗೆ ಮೂಲದಷ್ಟೇ ಪ್ರಿಯ. ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳ ವ್ಯಾಖ್ಯಾನಕಾರರು ಇಲ್ಲಿ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ನಡೆಯುತ್ತಾರೆ. ಕಟ್ಟಲೇಬೇಕಾದರೆ ಸಡಿಲವಾಗಿ ಕಟ್ಟಬೇಕು. ಬೆಂಕಿ ಬಿದ್ದಾಗ ಪ್ರಾಣಿ ಬಿಡಿಸಿಕೊಂಡು ಹೋಗುವಂತಿರಬೇಕು. ಕಟ್ಟದೆಯೇ ನಿಲ್ಲುವ ಪ್ರಾಣಿಗಳನ್ನು ಇಟ್ಟುಕೊಳ್ಳುವುದು ಇನ್ನೂ ಉತ್ತಮ. ಹೇರಿನ ವೃತ್ತಿಯಿಂದ ಬದುಕದಿರುವುದೇ ಲೇಸು. ಬದುಕಲೇಬೇಕಾದರೆ ಪ್ರಾಣಿ ಹೊರಬಲ್ಲುದಕ್ಕಿಂತ ಕಡಮೆ ಹೊರಿಸಬೇಕು, ನೇಗಿಲಿನಿಂದಲೂ ಗಾಡಿಯಿಂದಲೂ ಹೊತ್ತಿಗೆ ಸರಿಯಾಗಿ ಬಿಚ್ಚಬೇಕು. ತನ್ನನ್ನು ನಂಬಿದ ಪ್ರಾಣಿಗಳಿಗೆ ಉಣಿಸಿದ ಮೇಲೆ ತಾನು ಉಣ್ಣಬೇಕು. ರೋಗಕ್ಕೆ ಲಂಘನ ಹಾಕಿಸುವುದಾದರೆ ಅದು ಅನ್ನಪಾನನಿರೋಧವಲ್ಲ. ಇವನ್ನು ಬರೆದವರು ಊರಿಂದೂರಿಗೆ ನಡೆಯುತ್ತಿದ್ದ ಮುನಿಗಳು ಮತ್ತು ಅವರ ಬಳಿ ಓದಿದ ಪಂಡಿತರು. ಹುಲ್ಲಿನ ಮಾಡಿನ ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಕಣ್ಣಿ ಬಿಗಿದ ದನಗಳು ಏನಾಗುತ್ತವೆಂದು ನೋಡಿದವರ ಅನುಭವವಿಲ್ಲದೆ ಆ ಸಡಿಲ ಗಂಟಿನ ಮಾತು ಶಾಸ್ತ್ರಕ್ಕೆ ಬರುತ್ತಿರಲಿಲ್ಲ.

ಆದರೆ ಇದೇ ಪರಂಪರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಪ್ರಾಣಿದಯೆಯ ಭಾಷಣಗಳಲ್ಲಿ ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕಾರ್ತಿಕೇಯಾನುಪ್ರೇಕ್ಷೆಯು ಅನರ್ಥದಂಡವನ್ನು, ಎಂದರೆ ಪ್ರಯೋಜನವಿಲ್ಲದ ಹಿಂಸೆಯನ್ನು, ವಿವರಿಸುವಾಗ ಬೆಕ್ಕು ಮೊದಲಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದ ಜೊತೆಯಲ್ಲಿ ಎಣಿಸುತ್ತದೆ. ಶ್ವೇತಾಂಬರರ ಹದಿನೈದು ಕರ್ಮಾದಾನಗಳಲ್ಲಿ, ಎಂದರೆ ಶ್ರಾವಕನು ತೊರೆಯಬೇಕಾದ ವೃತ್ತಿಗಳಲ್ಲಿ, ‘ಅಸತೀಪೋಷಣ’ವೂ ಒಂದು. ಹೇಮಚಂದ್ರರು ಅದರಲ್ಲಿ ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು ಮೊದಲಾದವನ್ನು ಲಾಭಕ್ಕಾಗಿ ಸಾಕುವುದನ್ನು ಸೇರಿಸುತ್ತಾರೆ. ಅಂದರೆ ಇಂದು ನಾವು ಮುದ್ದಿಗೆ ಸಾಕುವ ಬಹುತೇಕ ಪ್ರಾಣಿಗಳು ಆ ಪಟ್ಟಿಯಲ್ಲಿವೆ. ಇದನ್ನು ಪ್ರಾಣಿದ್ವೇಷವೆಂದು ಓದಿದರೆ ತಪ್ಪಾಗುತ್ತದೆ. ಇಲಿ ಹಿಡಿಯಲೆಂದು ಬೆಕ್ಕನ್ನು ಸಾಕುವವನು ಇಲಿಯ ಕೊಲೆಯನ್ನು ಬೆಕ್ಕಿಗೆ ಒಪ್ಪಿಸಿ ತಾನು ಶುದ್ಧನಾಗಿರಲು ನೋಡುತ್ತಾನೆ. ಆ ಜಾಣತನಕ್ಕೆ ಶಾಸ್ತ್ರ ಬಾಗಿಲು ಹಾಕಿತು.

ಇಲ್ಲಿ ಇಂದಿನ ಮನೆಗಳಿಗೆ ನೇರವಾಗಿ ಮುಟ್ಟುವ ಒಂದು ತೊಡಕಿದೆ. ನಾಯಿಯು ಅನ್ನ, ಬೇಳೆ, ಹಾಲುಗಳನ್ನು ಸೇರಿಸಿದ, ತಿಳಿದವರು ಹದಮಾಡಿದ ಸಸ್ಯಾಹಾರದಲ್ಲಿ ಬಾಳಬಲ್ಲದು. ಬೆಕ್ಕಿನ ದೇಹದ ರಚನೆ ಹಾಗಲ್ಲ. ಟಾರಿನ್ ಎಂಬ ಪೋಷಕಾಂಶವನ್ನು ಅದು ತನಗೆ ಬೇಕಾದಷ್ಟು ತಾನೇ ತಯಾರಿಸಿಕೊಳ್ಳಲಾರದು. ಮಾಂಸದಲ್ಲಿ ಅದು ಸಹಜವಾಗಿ ಸಿಗುತ್ತದೆ. ಬರಿಯ ಹಾಲನ್ನದಲ್ಲಿ ಸಾಲದು. ಕೊರತೆ ಬಹುಕಾಲ ಮುಂದುವರಿದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹೀಗಾಗಿ ಬೆಕ್ಕನ್ನು ತಂದು ತನ್ನ ಆಹಾರವನ್ನೇ ಅದಕ್ಕೂ ವಿಧಿಸುವ ಶ್ರಾವಕನು ಐದನೆಯ ಅತಿಚಾರಕ್ಕೆ ಸಿಲುಕುತ್ತಾನೆ, ಮಾಂಸ ತಂದು ಹಾಕುವವನು ವ್ರತದ ಮೂಲಕ್ಕೇ ಕೊಡಲಿ ಹಾಕುತ್ತಾನೆ. ಕಾರ್ತಿಕೇಯರ ನಿಷೇಧವನ್ನು ಹಳಬರ ಅತಿರೇಕವೆಂದು ಕೆಲವರು ತಳ್ಳಿಹಾಕುವುದುಂಟು. ನನಗೆ ಅದು ಈ ಬಿಕ್ಕಟ್ಟನ್ನು ಬಾಗಿಲಲ್ಲೇ ತಡೆಯುವ ವಿವೇಕವಾಗಿ ಕಾಣುತ್ತದೆ. ತಾನಾಗಿ ಮನೆಗೆ ಬಂದ ಗಾಯಗೊಂಡ ಬೆಕ್ಕಿನ ವಿಷಯ ಬೇರೆ. ಅದು ಅಭಯದಾನದ ಕ್ಷೇತ್ರ, ಪರಿಗ್ರಹದ್ದಲ್ಲ.

ಕಾವ್ಯಗಳಿಗೆ ಬಂದರೆ ಚಿತ್ರ ಬದಲಾಗುತ್ತದೆ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯನ್ನು ನಾವು ಸಂಕಲ್ಪಹಿಂಸೆಯ ಕಥೆಯೆಂದು ಓದುತ್ತೇವೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಭಾವವೇ ತಾಯಿಮಗನನ್ನು ಜನ್ಮಜನ್ಮಾಂತರಗಳಿಗೆ ತಳ್ಳುತ್ತದೆ. ಇದೇ ಕಥೆಯನ್ನು ಸೋಮದೇವಸೂರಿಗಳು 959ರಲ್ಲಿ ಯಶಸ್ತಿಲಕ ಚಂಪುವಿನಲ್ಲಿ ಬಹು ವಿಸ್ತಾರವಾಗಿ ಹೇಳಿದ್ದರು. ಆ ಜನ್ಮಗಳ ಸರಣಿಯ ಮೊದಲ ಜೋಡಿಯನ್ನು ನೋಡಿ. ಯಶೋಧರನು ನವಿಲಾಗಿಯೂ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟಿ, ಇಬ್ಬರೂ ಕಾಣಿಕೆಯಾಗಿ ಅದೇ ಉಜ್ಜಯಿನಿಯ ಅರಮನೆಗೆ ಬರುತ್ತಾರೆ. ಅರಸ ಯಶೋಮತಿಗೆ ಅವು ಪ್ರಿಯವಾದ ಸಾಕುಪ್ರಾಣಿಗಳು. ಅವನ ಅಪ್ಪ ಮತ್ತು ಅಜ್ಜಿ ಎಂಬುದು ಅವನಿಗೆ ತಿಳಿಯದು. ನವಿಲಿಗೆ ಹಿಂದಿನ ಜನ್ಮದ ಅರಿವಾಗಿ, ಅಮೃತಮತಿಯನ್ನು ಅವಳ ಜಾರನೊಡನೆ ಕಂಡು ಮೇಲೆರಗುತ್ತದೆ. ಪೆಟ್ಟು ತಿಂದು ಓಡುವಾಗ ನಾಯಿ ಅದರ ಕುತ್ತಿಗೆ ಹಿಡಿಯುತ್ತದೆ. ಬಿಡಿಸಲೆಂದು ಅರಸನು ಆಡುತ್ತಿದ್ದ ಪಗಡೆಯ ಹಲಗೆಯಿಂದಲೇ ಹೊಡೆಯುತ್ತಾನೆ, ಎರಡೂ ಸಾಯುತ್ತವೆ.

ಕಾವ್ಯಮೀಮಾಂಸೆಯನ್ನು ಬದಿಗಿಟ್ಟು ಇದನ್ನು ಸಾಕಣೆಯ ಕಥೆಯಾಗಿ ಓದಿದರೆ, ಜನ್ನನು ಅರಮನೆಯ ಪ್ರಾಣಿಪ್ರೀತಿಯ ಬಗ್ಗೆ ಒಂದು ಕಠಿಣ ಮಾತನ್ನು ಆಡಿದಂತೆ ತೋರುತ್ತದೆ. ಯಶೋಮತಿ ಕ್ರೂರಿಯಲ್ಲ. ಆ ಹೊಡೆತದಲ್ಲಿ ಕೊಲ್ಲುವ ಇಚ್ಛೆಯಿಲ್ಲ, ನವಿಲನ್ನು ಉಳಿಸುವ ತವಕವಿದೆ. ಆದರೂ ತನ್ನ ಆಳ್ವಿಕೆಯಲ್ಲಿರುವ ಜೀವಕ್ಕೆ ಕೈಗೆ ಸಿಕ್ಕಿದ್ದರಿಂದ ಹೊಡೆಯುವ ಅಧಿಕಾರ ತನಗಿದೆಯೆಂಬುದನ್ನು ಅವನು ಒಂದು ಗಳಿಗೆಯೂ ಅನುಮಾನಿಸುವುದಿಲ್ಲ. ಕೋಳಿಗಳಾಗಿ ಹುಟ್ಟಿದಾಗಲೂ ಹಾಗೆಯೇ. ಮುನಿಯ ಬಾಯಿಂದ ಧರ್ಮವನ್ನು ಕೇಳಿ ಸಂತೋಷದಿಂದ ಅವು ಕೂಗಿದ ದನಿಯನ್ನೇ ಗುರಿಮಾಡಿ, ಶಬ್ದವೇಧಿಯ ಚಮತ್ಕಾರವನ್ನು ರಾಣಿಗೆ ತೋರಿಸಲು ಅದೇ ಅರಸನು ಬಾಣ ಬಿಡುತ್ತಾನೆ. ಆತಕೂರಿನ ಕಲ್ಲು ನಾಯಿಯನ್ನು ವೀರನಾಗಿ ಕಂಡಿತು. ಜನ್ನನು ಅದನ್ನು ಯಾರದೋ ತಾಯಿಯಾಗಿ ಕಂಡನು. ಎರಡೂ ಗೌರವವೇ, ಆದರೆ ಎರಡನೆಯದರಲ್ಲಿ ಸಾಕಿದವನಿಗೆ ತಪ್ಪಿಸಿಕೊಳ್ಳಲು ಜಾಗವಿಲ್ಲ.

ಜೀವಂಧರನ ಕಥೆಯಲ್ಲಿ ನಾಯಿಗೆ ಒಡೆಯನೇ ಇಲ್ಲ. ಯಜ್ಞದ ಅನ್ನಕ್ಕೆ ಬಾಯಿಟ್ಟಿತೆಂದು ಜನರು ಬಡಿದುಹಾಕಿದ ನಾಯಿಯೊಂದರ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರವನ್ನು ಉಸುರುತ್ತಾನೆ. ಅದು ಸುದರ್ಶನನೆಂಬ ಯಕ್ಷನಾಗಿ ಹುಟ್ಟಿ ಮುಂದೆ ಅವನಿಗೆ ನೆರವಾಗುತ್ತದೆ. ವಾದೀಭಸಿಂಹನ ಕ್ಷತ್ರಚೂಡಾಮಣಿಯಿಂದ ಭಾಸ್ಕರಕವಿಯು 1424ರಲ್ಲಿ ಬರೆದ ಕನ್ನಡ ಜೀವಂಧರ ಚರಿತೆಯವರೆಗೆ ಈ ಪ್ರಸಂಗ ಉಳಿದುಬಂದಿದೆ. ಬೀದಿನಾಯಿಗೆ ಮೋಕ್ಷಮಾರ್ಗದಲ್ಲಿ ಪ್ರವೇಶವಿದೆ ಎಂಬುದು ಇಲ್ಲಿನ ಧೀರವಾದ ನಿಲವು. ಆದರೆ ಆ ನಾಯಿಗೆ ದಿನವೂ ಅನ್ನ ಹಾಕುವವರು ಯಾರು ಎಂಬ ಪ್ರಶ್ನೆ ಕಾವ್ಯಕ್ಕೆ ಬೇಕಿರಲಿಲ್ಲ.

ಹೊಣೆಯ ಇತಿಹಾಸದಲ್ಲಿ ಕನ್ನಡಕ್ಕೆ ನಿಜವಾದ ಹೆಮ್ಮೆ ತರುವ ಗ್ರಂಥ ಕಾವ್ಯವಲ್ಲ, ಗೋವೈದ್ಯ. ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿದ್ದ ಕೀರ್ತಿವರ್ಮನು ಕಲ್ಯಾಣದ ಚಾಳುಕ್ಯ ರಾಜಕುಮಾರ, ಆರನೆಯ ವಿಕ್ರಮಾದಿತ್ಯನ ಸೋದರ, ಜೈನ. ಅವನು ದನಗಳ ರೋಗ ಮತ್ತು ಚಿಕಿತ್ಸೆಯನ್ನು ಕುರಿತು ಕನ್ನಡದಲ್ಲಿ ಬರೆದನು. ಸಂಸ್ಕೃತದಲ್ಲಿ ಆನೆ ಕುದುರೆಗಳ ವೈದ್ಯಕ್ಕೆ ಹಳೆಯ ಶಾಸ್ತ್ರಗಳಿದ್ದವು, ಏಕೆಂದರೆ ಅವು ಸೈನ್ಯದ ಅಂಗಗಳು. ಗಂಗ ಅರಸರೂ ಗಜಶಾಸ್ತ್ರದಲ್ಲಿ ಹೆಸರು ಮಾಡಿದ್ದರು. ಕೊಟ್ಟಿಗೆಯ ದನಕ್ಕಾಗಿ, ದನ ಸಾಕುವವನ ಭಾಷೆಯಲ್ಲಿ, ಒಬ್ಬ ರಾಜಪುತ್ರ ಗ್ರಂಥ ಬರೆದದ್ದು ಬೇರೆ ತೂಕದ ಸಂಗತಿ. ಬಸದಿಗಳ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಮೂರನೆಯದು ನಾಲ್ಕು ಕಾಲಿನ ಜೀವಗಳಿಗೂ ಸಲ್ಲಬೇಕೆಂದು ಅವನಿಗೆ ತೋಚಿರಬೇಕು.

ಅದೇ ವಂಶದಲ್ಲಿ, ಕೆಲವೇ ವರ್ಷಗಳ ಅಂತರದಲ್ಲಿ, ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವನ್ನು ಸಂಕಲಿಸಿದನು. ಅದರ ವಿನೋದ ಪ್ರಕರಣದಲ್ಲಿ ಕೋಳಿಯಂಕ, ಟಗರುಕಾಳಗ, ಕೋಣನ ಕಾಳಗ, ಲಾವುಗೆಗಳ ಜಗಳ, ಪಾರಿವಾಳ, ಬೇಟೆನಾಯಿ, ಗಿಡುಗಗಳ ವಿವರ ಸಾಲಾಗಿ ಬರುತ್ತದೆ. ಲಕ್ಷಣ ನೋಡಿ ನಾಯಿಯನ್ನು ಆರಿಸುವ ಬಗೆಯೂ ಅಲ್ಲಿದೆ. ಚಿಕ್ಕಪ್ಪನ ಗ್ರಂಥ ರೋಗಿ ದನದ ಪಕ್ಕ ಕುಳಿತಿದೆ, ಅಣ್ಣನ ಮಗನ ಗ್ರಂಥ ಕಾಳಗದ ಅಂಗಣದ ಪಕ್ಕ. ಒಂದೇ ಅರಮನೆ, ಎರಡು ದೃಷ್ಟಿ. ನಮ್ಮ ಸಂಸ್ಕೃತಿಯು ಪ್ರಾಣಿಗಳನ್ನು ಹೀಗೆ ಕಂಡಿತು ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಡುವವರು ಈ ಎರಡು ಹೊತ್ತಗೆಗಳನ್ನು ಅಕ್ಕಪಕ್ಕದಲ್ಲಿಟ್ಟುಕೊಳ್ಳಬೇಕು.

ರಾಜಶಾಸನದ ದಾರಿ ಇದಕ್ಕಿಂತ ಬಹಳ ಹಳೆಯದು. ಅಶೋಕನ ಎರಡನೆಯ ಬಂಡೆಶಾಸನವು ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಟನ್ನು ಹೇಳುತ್ತದೆ. ಐದನೆಯ ಸ್ತಂಭಶಾಸನವು ಕೊಲ್ಲಬಾರದ ಪ್ರಾಣಿಗಳ ಪಟ್ಟಿಯನ್ನು ಕೊಡುತ್ತದೆ. ಆ ಪಟ್ಟಿಗಿಂತ ಹೆಚ್ಚು ಗಮನಕ್ಕೆ ಅರ್ಹವಾದದ್ದು ಅದರ ಮುಂದಿನ ಭಾಗ: ಮರಿಗೆ ಹಾಲೂಡುವ ಆಡು, ಕುರಿ, ಹಂದಿಗಳನ್ನೂ ಆರು ತಿಂಗಳೊಳಗಿನ ಮರಿಗಳನ್ನೂ ಕೊಲ್ಲಬಾರದು, ಗೊತ್ತಾದ ದಿನಗಳಲ್ಲಿ ಎತ್ತು ಟಗರುಗಳ ಬೀಜ ಒಡೆಯಬಾರದು, ಕುದುರೆ ಎತ್ತುಗಳಿಗೆ ಬರೆ ಹಾಕಬಾರದು. ಇದು ಸಾಕುಪ್ರಾಣಿಯ ಒಡೆಯನ ಕೈಯನ್ನು ರಾಜ್ಯವು ಹಿಡಿದ ಮೊದಲ ದಾಖಲೆಗಳಲ್ಲೊಂದು. ಕನ್ನಡ ನೆಲದ ಬ್ರಹ್ಮಗಿರಿಯ ಕಿರುಶಾಸನದಲ್ಲಿ ಇಷ್ಟು ವಿವರವಿಲ್ಲ. ತಂದೆತಾಯಿಗಳ ಶುಶ್ರೂಷೆ, ಸತ್ಯಗಳ ಜೊತೆಗೆ ಪ್ರಾಣಿಗಳ ವಿಷಯದಲ್ಲಿ ದೃಢವಾಗಿರಬೇಕೆಂಬ ಒಂದು ಮಾತು ಮಾತ್ರ ಇದೆ.

ಪಶ್ಚಿಮ ಭಾರತದ ಪಿಂಜರಾಪೋಲ್‌ಗಳು ಮೂರನೆಯ ದಾರಿ. ಹದಿನಾರನೆಯ ಶತಮಾನದ ಕೊನೆಗೆ ಬಂದ ಇಂಗ್ಲಿಷ್ ವ್ಯಾಪಾರಿ ರಾಲ್ಫ್ ಫಿಚ್, 1623ರಲ್ಲಿ ಖಂಭಾತನ್ನು ನೋಡಿದ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಇಬ್ಬರೂ ಅಲ್ಲಿನ ಪ್ರಾಣಿ ಪಕ್ಷಿಗಳ ಆಸ್ಪತ್ರೆಗಳ ಸುದ್ದಿಯನ್ನು ಬೆರಗಿನಿಂದ ಬರೆದಿದ್ದಾರೆ. ಮುಂಬಯಿಯ ಪಿಂಜರಾಪೋಲ್ ಹುಟ್ಟಿದ್ದು ಒಂದು ಗಲಭೆಯ ನೆರಳಿನಲ್ಲಿ. ಬೀದಿನಾಯಿಗಳನ್ನು ಕೊಂದವರಿಗೆ ತಲೆಗಿಷ್ಟೆಂದು ಕಂಪನಿ ಸರ್ಕಾರ ಹಣ ಕೊಡುತ್ತಿತ್ತು. 1832ರ ಜೂನ್‌ನಲ್ಲಿ, ನಾಯಿಯನ್ನು ಪವಿತ್ರವೆಂದು ಕಾಣುವ ಪಾರಸಿಗಳು ತಿರುಗಿಬಿದ್ದರು. ಹಿಂದೂ, ಜೈನ ವರ್ತಕರೂ ಅಂಗಡಿ ಮುಚ್ಚಿದರು. ಎರಡು ವರ್ಷಗಳ ಬಳಿಕ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ್ ಶಾ ಸೇರಿ ಪಿಂಜರಾಪೋಲನ್ನು ಸ್ಥಾಪಿಸಿದರು. ಪಾರಸಿಯೊಬ್ಬರೂ ಜೈನರೊಬ್ಬರೂ ಕೈಜೋಡಿಸಿದ ಆ ಪ್ರಸಂಗವು ಇಂದಿಗೂ ಓದಲು ಸಂತೋಷ ಕೊಡುತ್ತದೆ.

ಆದರೆ ಪಿಂಜರಾಪೋಲ್‌ನ ಇನ್ನೊಂದು ಮುಖವನ್ನೂ ಹೇಳಬೇಕು. ಕೊಲ್ಲದಿರುವ ಧರ್ಮವನ್ನು ಅದು ನಿಷ್ಠೆಯಿಂದ ಪಾಲಿಸಿತು. ಅದರೊಡನೆಯೇ, ದುಡಿಸಿಕೊಂಡ ಎತ್ತನ್ನು ಮುಪ್ಪಿನಲ್ಲಿ ಬಾಗಿಲಿಗೆ ತಂದು ಬಿಡುವ ಒಡೆಯನಿಗೆ ಒಂದು ಅನುಕೂಲವೂ ಆಯಿತು. ದಾನಿಯು ಪುಣ್ಯವನ್ನು ಕೊಂಡನು, ಒಡೆಯನು ಹೊಣೆಯನ್ನು ಮಾರಿದನು. ಈ ಪ್ರಶ್ನೆ 1926ರಲ್ಲಿ ಅಹಮದಾಬಾದಿನಲ್ಲಿ ಸಿಡಿಯಿತು. ಜೈನ ಮನೆತನದ ಗಿರಣಿ ಮಾಲೀಕ ಅಂಬಾಲಾಲ್ ಸಾರಾಭಾಯಿ ತಮ್ಮ ಗಿರಣಿಯ ಆವರಣದಲ್ಲಿ ಅಲೆಯುತ್ತಿದ್ದ ಅರವತ್ತು ನಾಯಿಗಳನ್ನು, ಹುಚ್ಚುರೋಗದ ಭಯದಿಂದ, ಕೊಲ್ಲಿಸಿದರು. ಊರಿನ ಜೀವದಯಾ ಸಂಘಟನೆ ಗಾಂಧೀಜಿಯವರ ಅಭಿಪ್ರಾಯ ಕೇಳಿತು. ಅವರು ಅಂಬಾಲಾಲರನ್ನು ಖಂಡಿಸುವರೆಂಬ ನಿರೀಕ್ಷೆ ಹುಸಿಯಾಯಿತು. ಯಂಗ್ ಇಂಡಿಯಾದಲ್ಲಿ ವಾರಗಟ್ಟಲೆ ನಡೆದ ಆ ಚರ್ಚೆಯಲ್ಲಿ ಗಾಂಧೀಜಿ ಹೇಳಿದ್ದರ ತಿರುಳು ಇದು: ಒಡೆಯನಿಲ್ಲದ ನಾಯಿ ಬೀದಿಯಲ್ಲಿರುವುದು ನಾಯಿಯ ತಪ್ಪಲ್ಲ, ಸಮಾಜದ ತಪ್ಪು. ಎರಡು ತುತ್ತು ಎಸೆದು ದಯೆಯ ಹೆಮ್ಮೆಪಡುವವನು ಆ ನಾಯಿಗೆ ಅಪಕಾರವನ್ನೇ ಮಾಡುತ್ತಾನೆ. ದಯೆಯುಳ್ಳವನು ಅದನ್ನು ಮನೆಗೆ ಕರೆದೊಯ್ದು ಸಾಕಲಿ, ಇಲ್ಲವೇ ಸಾಕುವ ಸಂಸ್ಥೆಗೆ ವೆಚ್ಚ ಕೊಡಲಿ. ಎರಡು ವರ್ಷಗಳ ನಂತರ ಆಶ್ರಮದ ನರಳುತ್ತಿದ್ದ ಕರುವಿಗೆ ಅವರು ಚುಚ್ಚುಮದ್ದಿನಿಂದ ಮರಣ ಕೊಡಿಸಿದಾಗ ವಿರೋಧ ಇನ್ನೂ ತೀವ್ರವಾಯಿತು.

ಜೈನ ದೃಷ್ಟಿಯಿಂದ ಅರವತ್ತು ನಾಯಿಗಳ ಕೊಲೆಯನ್ನು ಸಮರ್ಥಿಸಲಾಗದು, ನಾನೂ ಸಮರ್ಥಿಸುವುದಿಲ್ಲ. ಕರುವಿನ ವಿಷಯದಲ್ಲಿಯೂ ನಮ್ಮ ಆಗಮಪರಂಪರೆ ಗಾಂಧೀಜಿಯವರೊಡನೆ ನಿಲ್ಲುವುದಿಲ್ಲ. ಆದರೆ ಅಂದು ಅವರಿಗೆ ಬರೆದ ಅನೇಕರು ಕೊಂದದ್ದರ ಪಾಪವನ್ನು ಮಾತ್ರ ಎಣಿಸಿದರು, ಬೀದಿಗೆ ಬಿಟ್ಟದ್ದರ ಪಾಪವನ್ನು ಎಣಿಸಲಿಲ್ಲ. 2025ರ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ ಎರಡು ವಾರಗಳೊಳಗೆ ಒಂದು ಆದೇಶವನ್ನು ಕೊಟ್ಟು ಅದನ್ನು ಮಾರ್ಪಡಿಸಿದಾಗ ಎದ್ದ ಗದ್ದಲದಲ್ಲಿಯೂ ವಾದದ ಎರಡೂ ಪಕ್ಷಗಳು ಬಹುಮಟ್ಟಿಗೆ ಹಳೆಯವೇ ಆಗಿದ್ದವು. ಬೀದಿಗೆ ಬಿಟ್ಟವರ ಮಾತು ಆಗಲೂ ಹಿಂದೆ ಸರಿಯಿತು.

ಇನ್ನು ಕಾಯಿದೆಯ ದಾರಿ. ಇಂಗ್ಲೆಂಡಿನಲ್ಲಿ ರಿಚರ್ಡ್ ಮಾರ್ಟಿನ್ ಅವರ ಹೆಸರಿನಿಂದ ಪ್ರಸಿದ್ಧವಾದ 1822ರ ಕಾಯಿದೆ ದನ, ಕುದುರೆ, ಕುರಿಗಳನ್ನು ರಕ್ಷಿಸಿತು. ನಾಯಿ ಅದರೊಳಗೆ ಬರಲು 1835ರವರೆಗೆ ಕಾಯಬೇಕಾಯಿತು. 1824ರಲ್ಲಿ ಲಂಡನ್ನಿನಲ್ಲಿ ಪ್ರಾಣಿಹಿಂಸಾ ನಿವಾರಣಾ ಸಂಘ ಹುಟ್ಟಿತು. ಕಲ್ಕತ್ತೆಯಲ್ಲಿ 1861ರಲ್ಲಿ, ಮುಂಬಯಿಯಲ್ಲಿ 1874ರಲ್ಲಿ ಅಂಥ ಸಂಘಗಳಾದವು. 1890ರಲ್ಲಿ ಭಾರತಕ್ಕೊಂದು ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಅದನ್ನು ಹೊಸದಾಗಿ ಬರೆಸಿದ ಕೀರ್ತಿ ನೃತ್ಯಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರದು. ರಾಜ್ಯಸಭೆಯ ನಾಮಕರಣ ಸದಸ್ಯೆಯಾಗಿ ಅವರು ಖಾಸಗಿ ಮಸೂದೆ ಮಂಡಿಸಿದರು. ಸರ್ಕಾರವೇ ಕಾಯಿದೆ ತರುವುದೆಂದು ನೆಹರೂ ಭರವಸೆಯಿತ್ತ ಮೇಲೆ ಅದನ್ನು ಹಿಂತೆಗೆದುಕೊಂಡರು. 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಬಂತು. 1962ರಲ್ಲಿ ರಚನೆಯಾದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ.

ಆ ಕಾಯಿದೆಯ ಮೂರನೆಯ ಕಲಮು ಪ್ರಾಣಿಯ ವಶ ಯಾರಲ್ಲಿದೆಯೋ ಅವರಿಗೆ ಅದರ ಯೋಗಕ್ಷೇಮದ ಕರ್ತವ್ಯವನ್ನು ವಿಧಿಸುತ್ತದೆ. ಹನ್ನೊಂದನೆಯ ಕಲಮು ಅಪರಾಧಗಳ ಪಟ್ಟಿ. ಹೊಡೆಯುವುದು, ಅತಿಯಾಗಿ ಹೇರುವುದು, ಚಲಿಸಲು ಎಡೆಯಿಲ್ಲದ ಪಂಜರದಲ್ಲಿಡುವುದು, ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಿಂದ ಬಹಳ ಹೊತ್ತು ಕಟ್ಟುವುದು, ಅಂಗಹೀನ ಮಾಡುವುದು, ಒಡೆಯನಾಗಿದ್ದೂ ಸಾಕಷ್ಟು ಆಹಾರ ನೀರು ನೆರಳು ಕೊಡದಿರುವುದು. ಸದಾ ಕಟ್ಟಿಹಾಕಿರುವ ನಾಯಿಯನ್ನು ಅಡ್ಡಾಡಿಸದಿರುವುದೂ ಅಪರಾಧವೇ. ಈ ಪಟ್ಟಿಯನ್ನು ಓದಿದ ಜೈನ ವಿದ್ಯಾರ್ಥಿಗೆ ಬಂಧ, ವಧ, ಛೇದ ಎಂಬ ಕ್ರಮ ನೆನಪಾಗದೆ ಇರದು. 1965ರ ನಿಯಮಗಳು ಅತಿಭಾರಾರೋಪಣಕ್ಕೆ ಅಂಕಿಗಳನ್ನೇ ಕೊಟ್ಟವು: ಹೇರುಕತ್ತೆಗೆ 50 ಕಿಲೋ, ಒಂಟೆಗೆ 250 ಕಿಲೋ, ದಿನಕ್ಕೆ ಒಟ್ಟು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ತಾಪಮಾನ 37 ಡಿಗ್ರಿ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು. ‘ಹೊತ್ತಿಗೆ ಸರಿಯಾಗಿ ಬಿಚ್ಚಬೇಕು’ ಎಂಬ ಹಳೆಯ ಸೂಚನೆಗೆ ಗಡಿಯಾರ ಕಟ್ಟಿದಂತಿದೆ. ಇನ್ನೊಂದು ಕಡೆ ಕಾಯಿದೆ ಶಾಸ್ತ್ರದಿಂದ ಹಿಂದೆ ಸರಿಯುತ್ತದೆ. ಗೊತ್ತುಪಡಿಸಿದ ರೀತಿಯಲ್ಲಿ ಬೀಜ ಒಡೆಯುವುದು, ಬರೆ ಹಾಕುವುದು, ಮೂಗುದಾರ ಪೋಣಿಸುವುದು ಅದರ ಪ್ರಕಾರ ಅಪರಾಧವಲ್ಲ.

ಬ್ರಿಟನ್ನಿನ ಬ್ರ್ಯಾಂಬೆಲ್ ಸಮಿತಿಯ 1965ರ ವರದಿಯಿಂದ ಬೆಳೆದು 1979ರಲ್ಲಿ ರೂಪುಗೊಂಡ ‘ಐದು ಸ್ವಾತಂತ್ರ್ಯ’ಗಳು ಈಗ ಜಗತ್ತಿನೆಲ್ಲೆಡೆ ಪಶುಕಲ್ಯಾಣದ ಅಳತೆಗೋಲು: ಹಸಿವು ಬಾಯಾರಿಕೆಗಳಿಂದ, ಅಸೌಖ್ಯದಿಂದ, ನೋವು ಗಾಯ ರೋಗಗಳಿಂದ, ಭಯ ದುಗುಡಗಳಿಂದ ಮುಕ್ತಿ, ಮತ್ತು ಸಹಜವಾಗಿ ವರ್ತಿಸುವ ಸ್ವಾತಂತ್ರ್ಯ. 2014ರ ಜಲ್ಲಿಕಟ್ಟು ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯವೂ ಇವನ್ನು ಆಧರಿಸಿತು. ಐದು ಅತಿಚಾರ, ಐದು ಸ್ವಾತಂತ್ರ್ಯ ಎಂಬ ಸಂಖ್ಯಾಸಾಮ್ಯವನ್ನು ಹಿಡಿದು, ಅವರು ನಮ್ಮಿಂದಲೇ ಕಲಿತರು ಎಂದು ವೇದಿಕೆಗಳಲ್ಲಿ ಹೇಳುವುದನ್ನು ಕೇಳಿದ್ದೇನೆ. ಅದಕ್ಕೆ ಆಧಾರವಿಲ್ಲ. ಆ ಸಮಿತಿ ಹುಟ್ಟಿದ್ದು ಕಾರ್ಖಾನೆಯಂಥ ಕೋಳಿಸಾಕಣೆ, ಕರುಸಾಕಣೆಗಳನ್ನು ರುತ್ ಹ್ಯಾರಿಸನ್ 1964ರಲ್ಲಿ ಬಯಲಿಗೆಳೆದ ಕಾರಣದಿಂದ. ಎರಡರ ನೋಟವೂ ಬೇರೆ. ಅತಿಚಾರವು ಸಾಕುವವನ ಆತ್ಮಕ್ಕೆ ತಗಲುವ ಕಳಂಕವನ್ನು ಲೆಕ್ಕ ಹಾಕುತ್ತದೆ, ಸ್ವಾತಂತ್ರ್ಯವು ಸಾಕಲ್ಪಟ್ಟ ಜೀವದ ಸ್ಥಿತಿಯನ್ನು. ರೋಗಚಿಕಿತ್ಸೆ ನಮ್ಮ ಐದರಲ್ಲಿಲ್ಲ, ಅದನ್ನು ಭೈಷಜ್ಯದಾನದಲ್ಲಿ ಹುಡುಕಬೇಕು. ಸಿಟ್ಟು ಅವರ ಐದರಲ್ಲಿಲ್ಲ. ಪೂಜ್ಯಪಾದರ ಬಂಧದ ನಿರ್ವಚನ ಮಾತ್ರ ಸಹಜ ವರ್ತನೆಯ ಸ್ವಾತಂತ್ರ್ಯಕ್ಕೆ ಆಶ್ಚರ್ಯವಾಗುವಷ್ಟು ಹತ್ತಿರ ಬರುತ್ತದೆ.

ಕಾಯಿದೆಯ ಹನ್ನೊಂದನೆಯ ಕಲಮಿನಲ್ಲಿ ಇನ್ನೊಂದು ಅಪರಾಧವಿದೆ: ಹಸಿವು ಬಾಯಾರಿಕೆಗಳಿಗೆ ತುತ್ತಾಗುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು. ತಳಿಯ ನಾಯಿಮರಿಯನ್ನು ಸಾವಿರಾರು ರೂಪಾಯಿ ಕೊಟ್ಟು ತಂದು, ಬಾಡಿಗೆ ಮನೆ ಬದಲಿಸುವಾಗ ಬೀದಿಯಲ್ಲಿ ಬಿಟ್ಟುಹೋಗುವವರಿಗೆ ಇದು ಅನ್ವಯಿಸುತ್ತದೆ. ಮೊದಲ ಅಪರಾಧಕ್ಕೆ ಕಾಯಿದೆಯಲ್ಲಿ ಗೊತ್ತುಮಾಡಿದ ದಂಡ ಹತ್ತರಿಂದ ಐವತ್ತು ರೂಪಾಯಿ. ನಮ್ಮ ಐದು ಅತಿಚಾರಗಳಲ್ಲಿ ತೊರೆಯುವುದಕ್ಕೆ ಬೇರೆ ಹೆಸರಿಲ್ಲ. ಆದರೆ ಪರಿಗ್ರಹ ಪರಿಮಾಣ ವ್ರತದಲ್ಲಿ ಅದನ್ನು ಮೊದಲೇ ತಡೆಯುವ ಉಪಾಯವಿದೆ. ಹೊಲ ಮನೆ, ಚಿನ್ನ ಬೆಳ್ಳಿಗಳ ಜೊತೆಗೆ ಆ ವ್ರತವು ಎಣಿಸುವ ‘ಧನ’ವೆಂದರೆ ದನಕರು ಮೊದಲಾದವು ಎಂದು ಪೂಜ್ಯಪಾದರು ಅರ್ಥ ಹೇಳುತ್ತಾರೆ. ವ್ರತ ತೊಡುವ ಶ್ರಾವಕನು ಗುರುವಿನ ಮುಂದೆ ಕುಳಿತು ತನ್ನ ಕೊಟ್ಟಿಗೆಯಲ್ಲಿ ಎಷ್ಟು ಜೀವಗಳಿರಬಹುದೆಂಬ ಸಂಖ್ಯೆಯನ್ನು, ಅವು ಬರುವ ಮೊದಲೇ, ಬಾಯಿಬಿಟ್ಟು ಹೇಳಬೇಕಾಗಿತ್ತು.